ಪಿಳ್ಳಕ್ಕನ ತುಟಿಮಾತು

ಪಿಳ್ಳಕ್ಕ ನನ್ನನ್ನು ಮೊದಲ ಸಲ ಬೈದಾಗ ಅವಳ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಬೆಂಗಳೂರಿನ ಹತ್ತಿರದ ವಿಜಯಪುರದ ರೇಷ್ಮೆ ಟ್ವಿಸ್ಟಿಂಗ್ ಫ್ಯಾಕ್ಟರಿಯೊಂದಕ್ಕೆ ನಾನು ಕೆಲಸಕ್ಕೆ ಸೇರಿದ ಮೊದಲ ಬೆಳಗು ಅದು. ಶೆಡ್ಡಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವಳು, ನಡುವೆ ನೂರಾರು ಬಾಬಿನ್ನುಗಳನ್ನು ಗಿರಗಿರ ತಿರುಗಿಸಿ ಎಳೆಗೆ ಹುರಿ ಹಾಕುವ ಮಿಷಿನ್ನುಗಳ ಸಾಲು. ಆ ಗದ್ದಲದಲ್ಲಿ ಪಕ್ಕದಲ್ಲೇ ಪಟಾಕಿ ಹೊಡೆದರೂ ತಿಳಿಯುತ್ತಿರಲಿಲ್ಲ. ಬೆನ್ನಿಗೆ ಏನೋ ಪಟ್ಟೆಂದು ಬಿತ್ತು. ತಿರುಗಿದರೆ ಕಾಲ ಬಳಿ ಒಂದು ಖಾಲಿ ಬಾಬಿನ್. ದೂರದಲ್ಲಿ ಕುಳ್ಳಗೆ, ದಪ್ಪಗೆ, ಎಡಗೆನ್ನೆಯಲ್ಲಿ ಎಲೆಅಡಿಕೆಯ ಉಂಡೆ ಒತ್ತಿಕೊಂಡ ಹೆಂಗಸೊಬ್ಬಳು ಹುಬ್ಬು, ತುಟಿ, ಹತ್ತೂ ಬೆರಳು ಆಡಿಸುತ್ತಾ ನನ್ನ ಮೇಲೆ ರೇಗುತ್ತಿದ್ದಳು. ಒಂದಕ್ಷರವೂ ಅರ್ಥವಾಗಲಿಲ್ಲ. ಬೈಗುಳ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಯಿತು.

ಟೀ ಹೊತ್ತಿಗೆ ಮಿಷಿನ್ನು ನಿಂತಾಗ ಅವಳೇ ಹತ್ತಿರ ಬಂದಳು. ಈಗ ಬಂದ ದನಿ ಬೀದಿಯ ಆಚೆ ತುದಿಗೂ ಕೇಳುವಂಥದ್ದು.

"ಜಡೆ ಕಣೇ ಜಡೆ! ಮಿಷಿನ್ಗೆ ಸಿಕ್ಕಾಕ್ಕಂಡ್ರೆ ತಲೇನೂ ಜೊತ್ಗೇ ಹೋಯ್ತದೆ. ಸುತ್ತಿ ಕಟ್ಕಳೇ ಅಂತ ಆವಾಗ್ಲಿಂದ ಬಡ್ಕತಾ ಇದೀನಿ, ಕೇಳ್ಬಾರ್ದಾ?"

"ಕಿವಿಗೆ ಬೀಳ್ಲಿಲ್ಲ ಅಕ್ಕ."

"ಕಿವೀಲಿ ಯಾರ್ ಕೇಳು ಅಂದ್ರು? ಇಲ್ಲಿ ಕಣ್ಣಲ್ಲಿ ಕೇಳ್ಬೇಕು."

ಡಿ.ಎಡ್. ಸೀಟು ಸಿಗುವವರೆಗೆ ಮನೆಯಲ್ಲಿ ಸುಮ್ಮನೆ ಕೂರುವುದು ಬೇಡವೆಂದು ಆ ಕೆಲಸಕ್ಕೆ ಸೇರಿದ್ದ ನಾನು, ಎರಡು ವರ್ಷ ಪಿಳ್ಳಕ್ಕನ ಕೈಕೆಳಗೆ ಕಣ್ಣಲ್ಲಿ ಕೇಳುವುದನ್ನು ಕಲಿತೆ. ಈಗ ನಮ್ಮ ಸೀಮೆಯದೇ ಮಧುರೆಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದೇನೆ. ಟ್ರೇನಿಂಗಿನಲ್ಲಿ ಕಲಿತದ್ದು ಎಷ್ಟು ಉಳಿದಿದೆಯೋ ಕಾಣೆ, ಆ ಶೆಡ್ಡಿನಲ್ಲಿ ಕಲಿತದ್ದು ಪೂರಾ ಉಳಿದಿದೆ.

ಅದಕ್ಕೆ ನಾವು ತುಟಿಮಾತು ಅನ್ನುತ್ತಿದ್ದೆವು. ಎರಡು ಬೆರಳು ಅಗಲಿಸಿದರೆ ಎಳೆ ಕಡಿಯಿತು ಎಂದರ್ಥ. ಇಲ್ಲದ ಮೀಸೆ ತಿರುವಿದರೆ ಓನರ್ ಬಂದರು. ಉಳಿದದ್ದನ್ನೆಲ್ಲ ತುಟಿಯ ಆಕಾರದಲ್ಲಿ ಓದಿಕೊಳ್ಳಬೇಕು. ಒಬ್ಬೊಬ್ಬರಿಗೂ ಒಂದೊಂದು ಗುರುತಿತ್ತು. ಶಾಹೀನಾಳಿಗೆ ಓಲೆ ಮುಟ್ಟುವುದು, ಸದಾ ನಿದ್ದೆಗಣ್ಣಿನ ನಾಗವೇಣಿಗೆ ಆಕಳಿಸುವುದು, ನನಗೆ ಕನ್ನಡಕ ಮೇಲಕ್ಕೆ ತಳ್ಳುವುದು. ಪಿಳ್ಳಕ್ಕನ ಗುರುತು ನಾಲಿಗೆಯಿಂದ ಕೆನ್ನೆ ಉಬ್ಬಿಸುವುದು. ಬೆನ್ನು ತಿರುಗಿಸಿ ನಿಂತವರನ್ನು ಮಾತಾಡಿಸಬೇಕಾದರೆ ಮೊದಲು ಏನನ್ನಾದರೂ ಎಸೆಯಬೇಕು, ಅವರು ತಿರುಗಬೇಕು, ಆಮೇಲೆ ಮಾತು. ಇದು ಅಲ್ಲಿಯ ಮರ್ಯಾದೆ.

ಇಪ್ಪತ್ತೈದು ವರ್ಷ ಹೀಗೆ ದುಡಿದವಳಿಗೆ ಆ ಚಾಳಿ ಫ್ಯಾಕ್ಟರಿಯ ಹೊರಗೂ ಬಿಡುತ್ತಿರಲಿಲ್ಲ. ಒಮ್ಮೆ ಕೆಲಸದವರೊಬ್ಬರ ಮನೆಯ ಮದುವೆಗೆ ಹೋಗಿದ್ದೆವು. ಛತ್ರದಲ್ಲಿ ವಾಲಗ ಜೋರಾಗಿ ನಡೆದಿತ್ತು, ಊಟದ ಮೊದಲ ಪಂಕ್ತಿಗೆ ಗಂಡಿನ ಕಡೆಯವರನ್ನು ಕೂರಿಸುತ್ತಿದ್ದರು. ನಾವು ಸಭ್ಯವಾಗಿ ಎರಡನೇ ಪಂಕ್ತಿಗೆಂದು ಕಾಯುತ್ತಿದ್ದೆವು. ಪಿಳ್ಳಕ್ಕ ಇದ್ದಕ್ಕಿದ್ದಂತೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಮೊದಲ ಪಂಕ್ತಿಯ ಎಲೆಯ ಮುಂದೆ ಕುಕ್ಕರಿಸಿದಳು. ಶಾಹೀನಾ, ನಾಗವೇಣಿಯರನ್ನೂ ತಂದು ಕೂರಿಸಿದಳು. "ಅಕ್ಕಾ, ನಾಚ್ಕೆ ಆಗುತ್ತೆ, ಎದ್ದೇಳು" ಎಂದರೆ, ದೂರದ ಅಡುಗೆಮನೆಯ ಬಾಗಿಲಲ್ಲಿ ಪಿಸುಗುಡುತ್ತಿದ್ದ ಇಬ್ಬರು ಅಡುಗೆಯವರನ್ನು ತೋರಿಸಿ ತುಟಿಯಲ್ಲೇ ಹೇಳಿದಳು: "ಹೋಳಿಗೆ ಈ ಪಂಕ್ತಿಗೇ ಮುಗೀತದಂತೆ." ಹಾಗೇ ಆಯಿತು. ಎರಡನೇ ಪಂಕ್ತಿಯವರಿಗೆ ಬಾಳೆಹಣ್ಣು ಬಡಿಸಿದರು.

ಇಂಥ ಪಿಳ್ಳಕ್ಕ ನಮ್ಮ ಬೆಟ್ಟ ಹತ್ತುವ ಗುಂಪಿನ ಯಜಮಾನಿಯೂ ಆಗಿದ್ದಳು. ತಿಂಗಳಿಗೊಂದು ದಿನ ಲೈನ್ ರಿಪೇರಿ ಎಂದು ಬೆಳಗಿನಿಂದ ಸಂಜೆಯವರೆಗೆ ಕರೆಂಟ್ ತೆಗೆಯುತ್ತಿದ್ದರು. ಅಂದು ಫ್ಯಾಕ್ಟರಿಗೆ ರಜೆ. "ಮನೇಲಿ ಕೂತ್ರೆ ಹಾಸಿಗೆ ಒಗಿ, ರಾಗಿ ಕೇರು ಅಂತಾರೆ. ಬನ್ರೇ, ಎಲ್ಲಾದ್ರೂ ಹತ್ತಣ" ಎಂದು ನಮ್ಮ ಐದು ಜನರನ್ನು ಹೊರಡಿಸುತ್ತಿದ್ದಳು. ಅವಳದೊಂದು ನಿಯಮವಿತ್ತು. ತುದಿಯಲ್ಲಿ ಗುಡಿ ಇರುವ ಬೆಟ್ಟವೇ ಆಗಬೇಕು. ಭಕ್ತಿ ಅಂದುಕೊಳ್ಳಬೇಡಿ. ಗುಡಿ ಇದ್ದರೆ ಯಾವ ಅತ್ತೆಯೂ ಬೇಡ ಅನ್ನಲಾರಳು, ಅಷ್ಟೆ. ಶಾಹೀನಾ ತನ್ನ ಮನೆಯಲ್ಲಿ ಏನು ಹೇಳಿ ಬರುತ್ತಿದ್ದಳೆಂದು ಕೇಳಿದ್ದಕ್ಕೆ, "ಪಿಳ್ಳಕ್ಕ ಕರೆದ್ರು ಅಂತೀನಿ. ನಮ್ಮತ್ತೆಗೂ ಅವ್ರು ಅಂದ್ರೆ ಭಯ" ಎಂದಿದ್ದಳು. ಚಿತ್ರಾನ್ನದ ಡಬ್ಬಿ ಹಿಡಿದು, ಸೀರೆ ಮೇಲೆತ್ತಿ ಕಟ್ಟಿ, ರಬ್ಬರ್ ಚಪ್ಪಲಿಯಲ್ಲಿ ಸುತ್ತಲಿನ ಬೆಟ್ಟಗಳನ್ನೆಲ್ಲ ಹತ್ತಿದೆವು. ಬೆಂಗಳೂರಿನಿಂದ ದೊಡ್ಡ ಬೂಟು, ಎರಡು ಕೋಲು ಹಿಡಿದು ಬರುವವರನ್ನು ಕಂಡರೆ ಪಿಳ್ಳಕ್ಕ, "ಪಾಪ, ನಾಕ್ ಕಾಲಿದ್ರೂ ಏದ್ತಾವೆ" ಎಂದು ತುಟಿಯಲ್ಲಿ ಹೇಳುತ್ತಿದ್ದಳು. ನಾವು ನಗು ತಡೆಯಲಾಗದೆ ಬಂಡೆಯ ಹಿಂದೆ ಹೋಗುತ್ತಿದ್ದೆವು.

ಎಲ್ಲ ಬೆಟ್ಟ ಹತ್ತಿದರೂ ಅವಳು ಒಂದು ಗುಡ್ಡದ ಮಾತು ಎತ್ತುತ್ತಿರಲಿಲ್ಲ. ಅದು ಅವಳ ತವರು ದೊಣೆಹಳ್ಳಿಯ ಕೆರೆಯೊಳಗಿನ ನಡುಗುಡ್ಡ. ಒಣಗಿದ ಕೆರೆಯಂಗಳದ ನಡುವೆ ಎದ್ದು ನಿಂತ ಬಂಡೆಗುಡ್ಡ, ನೆತ್ತಿಯ ಮೇಲೆ ಪಾಳೇಗಾರರ ಕಾಲದ ಪುಟ್ಟ ಕಲ್ಲುಗುಡಿ, ಒಳಗೆ ಗಂಗಮ್ಮ. ಕೆರೆ ತುಂಬಿದರೆ ಗುಡ್ಡದ ಸುತ್ತ ನೀರು ನಿಂತು ಅದು ದ್ವೀಪವಾಗುತ್ತದೆ. ಆಗ ಗಂಗಮ್ಮ ತವರಿಗೆ ಬಂದಳೆಂದು ಊರಿನ ನಂಬಿಕೆ. ತವರಿಗೆ ಬಂದ ಮಗಳನ್ನು ಬರಿಮಡಿಲಲ್ಲಿ ಕಳಿಸುವುದುಂಟೇ? ಕೆರೆ ಕೋಡಿ ಬಿದ್ದ ವರ್ಷ ಊರಿನ ಹೆಣ್ಣುಮಗಳೊಬ್ಬಳು ಅಕ್ಕಿ, ಕಾಯಿ, ಎಲೆಅಡಿಕೆ, ಕುಪ್ಪಸದ ಕಣ ಹೊತ್ತು ತೆಪ್ಪದಲ್ಲಿ ದಾಟಿ, ಗುಡ್ಡ ಹತ್ತಿ, ದೇವಿಗೆ ಮಡಿಲು ತುಂಬಬೇಕು. ಕೆರೆ ಒಣಗಿದಾಗ ಯಾರೂ ಆ ಗುಡಿಗೆ ಕಾಯಿ ಒಡೆಯುವುದಿಲ್ಲ. ಅವಳು ಗಂಡನ ಮನೆಯಲ್ಲಿದ್ದಾಳೆ, ಬಾಗಿಲು ತಟ್ಟಿ ಏನು ಮಾಡುವುದು?

ಇನ್ನೊಂದು ಕಟ್ಟಳೆ ಉಂಟು. ದಡ ಬಿಟ್ಟಾಗಿನಿಂದ ಮಡಿಲು ತುಂಬುವವರೆಗೆ ಹೋದವರು ಯಾರೂ ಬಾಯಿ ಬಿಡಬಾರದು. ಒಂದು ಮಾತು ಹೊರಬಿದ್ದರೂ ದಡಕ್ಕೆ ವಾಪಸು ಬಂದು ಮತ್ತೆ ಮೊದಲಿನಿಂದ ಹೊರಡಬೇಕು.

ಪಿಳ್ಳಕ್ಕನಿಗೆ ಎಂಟು ವರ್ಷವಿದ್ದಾಗ ಕೆರೆ ಹಾಗೆ ತುಂಬಿತ್ತು. ಮಡಿಲಕ್ಕಿ ಹೊತ್ತವಳು ಅವಳ ತಾಯಿ. ಮಗಳು ಹಟ ಮಾಡಿ ಜೊತೆಗೆ ಹೋಗಿದ್ದಳು. ತುದಿಯ ಹತ್ತಿರ ಪಾಚಿಗಟ್ಟಿದ ಬಂಡೆಯ ಮೇಲೆ ಮಗುವಿನ ಕಾಲು ಜಾರಿತು. ತಾಯಿ "ಪಿಳ್ಳೀ!" ಎಂದು ಕಿರುಚಿ ಕೈ ಹಿಡಿದಳು. ಮಗು ಉಳಿಯಿತು, ಮೌನ ಮುರಿಯಿತು. ದಡಕ್ಕೆ ಬರುವಷ್ಟರಲ್ಲಿ ಗಾಳಿಮಳೆ ಎದ್ದು ತೆಪ್ಪದವರು ಮತ್ತೆ ದಾಟಿಸಲು ಒಪ್ಪಲಿಲ್ಲ. ಅದೇ ವಾರ ಕೆರೆಯ ಏರಿ ಒಡೆದು ನೀರೆಲ್ಲ ಹರಿದುಹೋಯಿತು. ಆಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆ ಕೆರೆ ತುಂಬಲೇ ಇಲ್ಲ.

ಊರಿನವರು ಬಿಟ್ಟಾರೆಯೇ? ಬಾವಿ ಬತ್ತಿದರೆ ಅವಳಮ್ಮನ ಹೆಸರು, ಬೋರ್‌ವೆಲ್‌ನಲ್ಲಿ ನೀರು ಸಿಗದಿದ್ದರೆ ಅವಳಮ್ಮನ ಹೆಸರು. ಗಂಗಮ್ಮನನ್ನು ಬರಿಮಡಿಲಲ್ಲಿ ಕಳಿಸಿದ ಬಾಯಿಬಡುಕಿ ಎಂದು ಎದುರಿಗೇ ಅನ್ನುತ್ತಿದ್ದರಂತೆ. "ನಮ್ಮವ್ವ ಆಮೇಲೆ ಜೋರಾಗಿ ಮಾತಾಡಿದ್ದೇ ನಾ ಕಾಣೆ ಕಣೇ. ನನ್ ಉಳ್ಸಕ್ಕೆ ಒಂದ್ಸಲ ಕೂಗಿದ್ಳು, ಅದ್ಕೆ ಸಾಯೋಗಂಟ ಮೆತ್ತಗೆ ಮಾತಾಡಿದ್ಳು" ಎಂದು ಪಿಳ್ಳಕ್ಕ ಒಂದೇ ಒಂದು ಸಲ ನನಗೆ ಹೇಳಿದ್ದಳು. ಅಂದು ಅವಳ ದನಿಯೂ ಸಣ್ಣದಾಗಿತ್ತು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಮಳೆ ಹುಚ್ಚಾಪಟ್ಟೆ ಹಿಡಿಯಿತು. ನಮ್ಮ ಸೀಮೆಯ ಕೆರೆಗಳೆಲ್ಲ ಒಂದರ ಹಿಂದೊಂದು ಕೋಡಿ ಬಿದ್ದವು, ದೊಣೆಹಳ್ಳಿಯ ಕೆರೆಯೂ ಬಿತ್ತು. ಸುದ್ದಿ ಬಂದ ದಿನವೇ ಪಿಳ್ಳಕ್ಕ ತವರಿಗೆ ಹೋಗಿ, ಮಡಿಲಕ್ಕಿ ನಾನು ಹೊರುತ್ತೇನೆ ಎಂದು ಕೇಳಿದಳು. ಊರಿನ ಹಿರಿಯ ಮುನಿಶಾಮಪ್ಪ ವರಸೆಯಲ್ಲಿ ಅವಳಿಗೆ ಸೋದರಮಾವ, ಅವಳ ತಾಯಿಯ ದೊಡ್ಡಪ್ಪನ ಮಗ. ಹಿಂದಿನ ಸಲ ತೆಪ್ಪಕ್ಕೆ ಹುಟ್ಟು ಹಾಕಿದವರೂ, ತಾಯಿ ಕೂಗಿದ್ದನ್ನು ಊರಿಗೆಲ್ಲ ಸಾರಿದವರೂ ಅವರೇ.

"ತಾಯಿ ಕೆಡಿಸಿದ್ ಕೆಲಸಾನ ಮಗಳ ಕೈಗೆ ಕೊಡಾದಾ?" ಅಂದರಂತೆ ಅವರು. "ಅದೂ ನೀನು! ನೀನ್ ಬಾಯ್ ಬಿಟ್ರೆ ಪಕ್ಕದೂರ್ ನಾಯಿ ಬೊಗಳ್ತವೆ."

"ದಿನಾ ಎಂಟ್ ಗಂಟೆ ಸದ್ದಿಲ್ದೆ ದುಡಿಯೋಳು ನಾನು. ನನ್ ಜೊತೇರ್ನೂ ಕರ್ಕಂಡ್ ಬತ್ತೀನಿ. ನಂಬ್ಕೆ ಇಲ್ದಿದ್ರೆ ನೀವೇ ಹಿಂದ್ಗುಟ್ಲೆ ಬಂದು ಕೇಳಿಸ್ಕಳಿ ಮಾಮ."

ಹಾಗಾಗಿ ಎಪ್ಪತ್ತರ ಹತ್ತಿರದ ಮುನಿಶಾಮಪ್ಪ ಸಾಕ್ಷಿಗೆಂದು ಹೊರಟರು. ದಿನ ಗೊತ್ತುಮಾಡುವಾಗ ಊರಿನವರು ಪಂಚಾಂಗ ತೆಗೆದರೆ, ಪಿಳ್ಳಕ್ಕ ಪೇಪರಿನಲ್ಲಿ ಬಂದಿದ್ದ ಕರೆಂಟ್ ತೆಗೆಯುವ ಪ್ರಕಟಣೆ ತೆಗೆದಳು. ಪುಣ್ಯಕ್ಕೆ ಎರಡರಲ್ಲೂ ಶುಕ್ರವಾರವೇ ಬಂತು.

ಅಂದು ಬೆಳಗ್ಗೆ ಏರಿಯ ಮೇಲೆ ಊರೆಲ್ಲ ಸೇರಿತ್ತು. ಮೀನು ಹಿಡಿಯುವವರ ಎರಡು ತೆಪ್ಪಗಳಲ್ಲಿ ನಾವು ಆರು ಜನ ಹೆಂಗಸರು ಮತ್ತು ಮುನಿಶಾಮಪ್ಪ ಕೂತೆವು. ಪಿಳ್ಳಕ್ಕ ಹಸಿರು ರೇಷ್ಮೆ ಸೀರೆ ಉಟ್ಟು, ಮಡಿಲಕ್ಕಿಯ ಗಂಟನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದಳು. ತೆಪ್ಪಗಳು ದಡ ಬಿಟ್ಟವು. ಎಲ್ಲರೂ ಗಪ್‌ಚಿಪ್.

ಎಲ್ಲರೂ ಅಂದೆನಲ್ಲ, ಕಿವಿಗೆ ಮಾತ್ರ. ಹತ್ತು ಮಾರು ಹೋಗುವಷ್ಟರಲ್ಲಿ ಆಚೆ ತೆಪ್ಪದಿಂದ ನಾಗವೇಣಿಯ ತುಟಿ ಆಡಿತು: "ತಾತನ ಮೀಸೆ ಬಣ್ಣ ನೋಡ್ರೇ, ನಿನ್ನೆ ಹಚ್ಚಿರೋದು." ಶಾಹೀನಾ ಓಲೆ ಮುಟ್ಟಿ, "ನನಗೆ ಈಜು ಬರಲ್ಲ, ಮುಳುಗಿದ್ರೆ ಮೊದಲು ನನ್ನ ಹಿಡೀರಿ" ಎಂದಳು. ನಾನು ಉತ್ತರ ಕೊಟ್ಟೆ. ಗುಡ್ಡ ಹತ್ತುವಾಗಲೂ ಅಷ್ಟೇ. ಕಲ್ಲಿಗೊಂದು ಮಾತು, ತಿರುವಿಗೊಂದು ಚೇಷ್ಟೆ. ಮುನಿಶಾಮಪ್ಪ ಒಬ್ಬೊಬ್ಬರ ಮುಖವನ್ನೂ ಅನುಮಾನದಿಂದ ನೋಡುತ್ತಿದ್ದರು. ಏನೋ ನಡೆಯುತ್ತಿದೆ ಎಂದು ಗೊತ್ತು, ಸದ್ದಿಲ್ಲ. ಕೇಳೋಣವೆಂದರೆ ಅವರೂ ಬಾಯಿ ಬಿಡುವಂತಿಲ್ಲ. ನಾವು ಎಷ್ಟೋ ಬೆಟ್ಟ ಹತ್ತಿದ್ದೆವು, ಇಷ್ಟು ಮಾತಾಡಿಕೊಂಡು ಹತ್ತಿದ್ದು ಮಾತ್ರ ಅದೊಂದೇ. ಪಿಳ್ಳಕ್ಕ ಮೊದಮೊದಲು ಕಣ್ಣು ಬಿಟ್ಟು ಗದರಿದಳು, ಆಮೇಲೆ ಅವಳೇ ನಗುತ್ತಾ ಎರಡು ಮಾತು ಸೇರಿಸಿದಳು.

ತುದಿಗೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಆ ಬಂಡೆ ಬಂತು. ಹಿಂದಿನವರು ಕಾಲಿಡಲು ಅಲ್ಲಲ್ಲಿ ಹಳ್ಳ ಕೊರೆದಿದ್ದರು, ಮಳೆಗೆ ಪಾಚಿ ಕಟ್ಟಿತ್ತು. ಪಿಳ್ಳಕ್ಕ ಮುಂದೆ ಹತ್ತಿ ಮೇಲಿನ ತಿರುವಿನಲ್ಲಿ ನಿಂತಿದ್ದಳು. ನಾನು ಬಂಡೆಗೆ ಮುಖಮಾಡಿ ಹತ್ತುತ್ತಿದ್ದೆ. ಕಾಲು ಜಾರಿತು. ಎರಡೂ ಕೈ ಒಂದು ಬಿರುಕನ್ನು ಹಿಡಿದವು. ಎಡಗಾಲು ಗಾಳಿಯಲ್ಲಿ, ಕೆಳಗೆ ಇಳಿಜಾರು, ಅದರ ಕೆಳಗೆ ನೀರು. ಗಂಟಲಿಗೆ ಬಂದ ಕಿರುಚನ್ನು ಹೇಗೆ ನುಂಗಿದೆನೋ ಇವತ್ತಿಗೂ ತಿಳಿಯದು. ಮುಖದ ಮುಂದೆ ಬರೀ ಬಂಡೆ, ಬೇರೇನೂ ಕಾಣದು.

ತಲೆಯ ಮೇಲೆ, ಹೆಗಲ ಮೇಲೆ ಸರಸರ ಏನೋ ಉದುರಿತು. ಅಕ್ಕಿ! ಎರಡು ವರ್ಷದ ಅಭ್ಯಾಸ, ಕತ್ತು ತಾನಾಗಿ ತಿರುಗಿತು. ಮೇಲೆ ಪಿಳ್ಳಕ್ಕ ಬಗ್ಗಿ ನಿಂತಿದ್ದಳು. ಮಡಿಲಕ್ಕಿಯ ಗಂಟು ಬಿಚ್ಚಿತ್ತು. ಅವಳು ತುಟಿಯನ್ನು ನಿಧಾನವಾಗಿ, ಪಾಠ ಹೇಳಿಕೊಡುವವಳಂತೆ ಆಡಿಸಿದಳು: "ನನ್ನೇ ನೋಡು. ಎಡಗಾಲು. ಇನ್ನೊಂದು ಗೇಣು ಕೆಳಗೆ. ಅಲ್ಲಿ ಹಳ್ಳ ಅದೆ." ಗೇಣೆಷ್ಟೆಂದು ಬೆರಳು ಅಗಲಿಸಿ ತೋರಿಸಿದಳು. ನಾನು ಅವಳ ಬಾಯಿಯನ್ನೇ ನೋಡುತ್ತಾ ಕಾಲು ಇಳಿಬಿಟ್ಟೆ. ಹಳ್ಳ ಸಿಕ್ಕಿತು.

ಕಾಲೂರುವಾಗ ಒಂದು ಕಲ್ಲು ಸಡಿಲವಾಗಿ ಉರುಳಿತು. ಕೆಳಗಿದ್ದವರ ಪಕ್ಕದಲ್ಲೇ ಹಾದುಹೋಯಿತು. ಆಗ ಕೇಳಿಸಿತು, ಇಡೀ ಗುಡ್ಡಕ್ಕೆ ಮಾರ್ದನಿಸುವ ಹಾಗೆ:

"ಅಯ್ಯಯ್ಯೋ, ಹುಡ್ಗಿ ಬಿದ್ದೋಯ್ತಾಳೆ! ಹಿಡ್ಕಳ್ರೇ!"

ಮುನಿಶಾಮಪ್ಪ! ಕೂಗಿದ ಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಗುಡಿಯ ಗೋಡೆಯಿಂದ ಪಾರಿವಾಳಗಳು ಪಟಪಟನೆ ಎದ್ದವು.

ನನ್ನನ್ನು ಮೇಲಕ್ಕೆಳೆದುಕೊಂಡು ಪಿಳ್ಳಕ್ಕ ಮೊದಲು ನನ್ನ ಕೈಕಾಲು ಸವರಿ ನೋಡಿದಳು. ಆಮೇಲೆ ಬಂಡೆಯ ಮೇಲೆ ಕೂತು ಗುಡಿಯನ್ನೇ ನೋಡಿದಳು. ಮೂವತ್ತು ಹೆಜ್ಜೆ ದೂರವೂ ಇರಲಿಲ್ಲ ಅದು. ನಾಗವೇಣಿ, "ಗಂಡಸರು ಕೂಗಿದ್ದು ಲೆಕ್ಕಕ್ಕಿಲ್ಲ ಅಕ್ಕ, ನಡಿ" ಎಂದು ತುಟಿಯಲ್ಲಿ ಗೋಗರೆದಳು. ಪಿಳ್ಳಕ್ಕ ಇಲ್ಲವೆಂದು ತಲೆಯಾಡಿಸಿದಳು. ಬೆರಳನ್ನು ಕೆಳಗೆ ಮಾಡಿ ತೋರಿಸಿದಳು. ಇಳಿಯಿರಿ.

ತೆಪ್ಪ ಹಿಂತಿರುಗಿ ಬರುತ್ತಿರುವುದನ್ನು ಏರಿಯ ಮೇಲಿನವರು ನೋಡಿದರು. ಅಷ್ಟು ದೂರದಿಂದ ಅವರ ಮಾತು ನಮಗೆ ಕೇಳುವಂತಿರಲಿಲ್ಲ. ಆದರೆ ನಮಗೆ ಕೇಳಬೇಕಾಗಿಯೂ ಇರಲಿಲ್ಲವಲ್ಲ. ಒಬ್ಬಳು ಪಕ್ಕದವಳಿಗೆ ಹೇಳಿದಳು: "ತಾಯಂಗೇ ಮಗಳು." ಇನ್ನೊಬ್ಬಳು: "ನಾ ಹೇಳ್ಲಿಲ್ವಾ? ಈ ಸಲಾನೂ ಏರಿ ಒಡೀತದೆ." ನಾನು ಓದಿದೆ. ನನ್ನ ಪಕ್ಕದಲ್ಲಿ ಕೂತ ಪಿಳ್ಳಕ್ಕನೂ ಓದಿದಳು. ಅವಳ ಕೆನ್ನೆಯೊಳಗಿನ ಎಲೆಅಡಿಕೆ ಅಲ್ಲಾಡಲಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ಆ ವಿದ್ಯೆ ಕಲಿತದ್ದಕ್ಕೆ ನನಗೆ ಬೇಸರವಾಯಿತು.

ಪಿಳ್ಳಕ್ಕ ಮೊದಲು ದಡಕ್ಕೆ ಇಳಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. "ಯಾರೇ ಬಾಯ್ ಬಿಟ್ಟಿದ್ದು?" ಎಂದು ಯಾರೋ ಕೇಳಿದರು. ನಾನು ಹೇಳಲು ಹೊರಟರೆ ಪಿಳ್ಳಕ್ಕ ನನ್ನ ಕೈ ಚಿವುಟಿದಳು. ಮುನಿಶಾಮಪ್ಪ ಸುಮ್ಮನಿದ್ದರೆ ಆ ಮಾತು ಇನ್ನೊಂದು ಮೂವತ್ತು ವರ್ಷಕ್ಕೆ ಅವಳ ತಲೆಯ ಮೇಲೇ ಕೂರುತ್ತಿತ್ತು. ಅವರು ತೆಪ್ಪದಿಂದ ಕಷ್ಟಪಟ್ಟು ಇಳಿದರು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿದರು, ಮತ್ತೆ ಒರೆಸಿದರು.

"ನಾನು ಕಣ್ರಯ್ಯಾ" ಎಂದರು. "ನಾನೇ ಬಾಯ್ ಬಿಟ್ಟಿದ್ದು. ಇವ್ರು ಯಾರೂ ಉಸ್ರೆತ್ಲಿಲ್ಲ. ಆ ಕನ್ನಡಕದ್ ಹುಡ್ಗಿ ಜಾರಿದ್ಳು. ನನ್ ಮಗಳಲ್ಲ, ಮೊಮ್ಮಗಳಲ್ಲ, ಹೆಸ್ರೂ ಗೊತ್ತಿಲ್ಲ. ಆದ್ರೂ ಬಾಯ್ ತಡೀಲಿಲ್ಲ." ಪಿಳ್ಳಕ್ಕನ ಕಡೆ ತಿರುಗಿದರು. "ನಮ್ಮಕ್ಕ ಅವತ್ತು ಹೆತ್ತ ಮಗಳು ಜಾರ್ದಾಗ ಕೂಗಿದ್ಳು. ಅದ್ನ ನಾನು ಊರ್ ತುಂಬ ಹೇಳ್ಕಂಡ್ ತಿರುಗ್ದೆ. ತಪ್ಪಾಯ್ತು ಕಣವ್ವಾ ಪಿಳ್ಳೀ."

ಪಿಳ್ಳಕ್ಕ ಮಡಿಲಕ್ಕಿಯ ಗಂಟು ಮುಂದೆ ಹಿಡಿದಳು. ನನ್ನ ತಲೆಯ ಮೇಲೆ ಸುರಿದು ಕಡಿಮೆಯಾಗಿದ್ದ ಅಕ್ಕಿಯನ್ನು ಊರಿನ ಹೆಂಗಸರು ಹಿಡಿಹಿಡಿ ತಂದು ತುಂಬಿದರು. ಈ ಸಲವೂ ಏರಿ ಒಡೆಯುತ್ತದೆ ಎಂದಿದ್ದವಳೂ ಒಂದು ಹಿಡಿ ಹಾಕಿದಳು.

ಮತ್ತೆ ಹೊರಡುವ ಮೊದಲು ಪಿಳ್ಳಕ್ಕ ನಮ್ಮೆಲ್ಲರನ್ನೂ ಹತ್ತಿರ ಕರೆದಳು. "ಈ ಸಲ ತುಟೀನೂ ಬೇಡ ಕಣ್ರೇ. ದೇವ್ರಿಗೆ ಕಣ್ಣಿಲ್ವಾ?" ಎಂದಳು. ನಮಗೆಲ್ಲ ನಾಚಿಕೆಯಾಯಿತು. ಮುನಿಶಾಮಪ್ಪನವರಿಗೆ "ನೀವ್ ಇಲ್ಲೇ ಕೂತ್ಕಳಿ ಮಾಮ, ಎರಡ್ನೇ ಸಲ ಹತ್ತಕ್ಕಾಗಲ್ಲ" ಎಂದರೆ ಅವರು ಕೇಳಲಿಲ್ಲ. ಟವೆಲ್ಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ತೆಪ್ಪದಲ್ಲಿ ಹೋಗಿ ಕೂತರು. ನಗಬಾರದೆಂದು ನಾವೆಲ್ಲ ನೀರು ನೋಡಿದೆವು.

ಎರಡನೇ ಸಲ ಹತ್ತಿದ್ದು ಬೇರೆಯದೇ ಗುಡ್ಡ ಅನಿಸಿತು. ಯಾರ ಮುಖವನ್ನೂ ನೋಡದೆ ನಡೆದಾಗ ಮೊದಲ ಸಲ ಕಿವಿ ತೆರೆದುಕೊಂಡಿತು. ಹುಟ್ಟು ನೀರಿಗೆ ಬೀಳುವ ಸದ್ದು, ಕೋಡಿಯಲ್ಲಿ ನೀರು ಹರಿಯುವ ಸದ್ದು, ಹಿಂದೆ ಟವೆಲ್ಲಿನ ಸಂದಿಯಿಂದ ಬರುವ ಮುನಿಶಾಮಪ್ಪನವರ ಏದುಸಿರು. ಎರಡು ವರ್ಷ ಮಿಷಿನ್ನಿನ ಮೊರೆತ ತುಂಬಿಕೊಂಡಿದ್ದ ಕಿವಿಗೆ ಅದು ತುಂಬಾ ಹಿತವಾಗಿತ್ತು. ಆ ಬಂಡೆಯ ಬಳಿ ಪಿಳ್ಳಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ದಾಟಿಸಿದಳು.

ಗುಡಿ ನಮ್ಮ ಅಡುಗೆಮನೆಯಷ್ಟೂ ಇರಲಿಲ್ಲ. ನಾಲ್ಕು ಗಿಡ್ಡ ಕಂಬ, ಬಾಗಿಲ ಮೇಲೆ ಕೆತ್ತಿದ ಎರಡು ಮೀನು, ತೆವಳಿಕೊಂಡು ಹೋಗಬೇಕಾದ ಬಾಗಿಲು. ಪಿಳ್ಳಕ್ಕ ದಪ್ಪಗಿದ್ದಳಲ್ಲ, ಒಳಗೆ ಹೋಗುವಾಗ ಸೊಂಟದ ಹತ್ತಿರ ಸಿಕ್ಕಿಕೊಂಡಳು. ನಾನೂ ಶಾಹೀನಾಳೂ ಹಿಂದಿನಿಂದ ತಳ್ಳಿದೆವು. ಒಳಗೆ ಸವೆದುಹೋದ ಕಲ್ಲಿನ ಗಂಗಮ್ಮ, ಕೈಯಲ್ಲಿ ಕೊಡ. ಪಿಳ್ಳಕ್ಕ ಅರಿಶಿನ ಕುಂಕುಮ ಇಟ್ಟು, ಹಿಡಿಹಿಡಿಯಾಗಿ ಅಕ್ಕಿ ಸುರಿದು, ಕಾಯಿ, ಎಲೆಅಡಿಕೆ, ಕಣ ಇಟ್ಟು ಮಡಿಲು ತುಂಬಿದಳು. ಹಿಂದಕ್ಕೆ ತೆವಳಿ ಹೊರಬಂದು, ಬಂಡೆಯ ತುದಿಗೆ ಹೋಗಿ ನಿಂತು, ಮಿಷಿನ್ನುಗಳ ಮುಂದೆ ಒಂದು ದಿನವೂ ಬಳಸದಿದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದಳು:

"ಅವ್ವಾ! ಆಯ್ತು ಕಣವ್ವಾ!"

ಆ ಕೂಗು ಏರಿಯ ಮೇಲೆ ಕೇಳಿ ತಮಟೆ ಶುರುವಾಯಿತು. ನಾವೆಲ್ಲ ಅತ್ತೆವು. ಮುನಿಶಾಮಪ್ಪ ಬಾಯಿಯ ಟವೆಲ್ ತೆಗೆದು ಕಣ್ಣಿಗೆ ಒತ್ತಿಕೊಂಡರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರಿಗೆ ಬೆಳಗಿನಿಂದ ಹೊಟ್ಟೆಯೊಳಗಿದ್ದ ಅನುಮಾನ ನೆನಪಾಯಿತು.

"ಅಲ್ಲ ಕಣವ್ವಾ, ಮೊದಲ್ನೇ ಸಲ ಹತ್ವಾಗ ನೀವೆಲ್ಲ ದಾರಿ ಉದ್ದಕ್ಕೂ ಬಾಯಾಡಿಸ್ತಾ ಇದ್ರಲ್ಲ, ಏನದು?"

"ಎಲೆಅಡಿಕೆ ಅಗೀತಾ ಇದ್ವಿ ಮಾಮ" ಎಂದಳು ಪಿಳ್ಳಕ್ಕ, ಕಣ್ಣು ಮಿಟುಕಿಸದೆ.

ಆ ವರ್ಷ ಏರಿ ಒಡೆಯಲಿಲ್ಲ.

ಮುಂದಿನ ವರ್ಷ ನನಗೆ ಡಿ.ಎಡ್. ಸೀಟು ಸಿಕ್ಕಿತು, ಆಮೇಲೆ ಕೆಲಸವೂ ಸಿಕ್ಕಿತು. ಪಿಳ್ಳಕ್ಕನನ್ನು ಕೊನೆಯ ಸಲ ನೋಡಿದ್ದು ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ. ನಾನು ಬಸ್ಸಿನೊಳಗೆ ಕೂತಿದ್ದೆ, ಕಿಟಕಿ ಮುಚ್ಚಿತ್ತು. ಗಾಜಿಗೆ ಟಪ್ಪೆಂದು ಏನೋ ಬಡಿಯಿತು. ಕಡಲೆಕಾಯಿ! ನೋಡಿದರೆ ಆಚೆ ಬದಿಯ ಟೀ ಅಂಗಡಿಯ ಮುಂದೆ ಪಿಳ್ಳಕ್ಕ, ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತಿದ್ದಳು. ನಾನು ಕೆನ್ನೆ ಉಬ್ಬಿಸಿದೆ. ಡ್ರೈವರ್ ಬರುವವರೆಗೆ ಗಾಜಿನ ಈಚೆ ನಾನು, ಆಚೆ ಅವಳು ಮಾತಾಡಿದ್ದೇ ಮಾತಾಡಿದ್ದು.

"ಮಂಡಿ ಹೋಗದೆ ಕಣೇ. ಮುಂದಿನ್ ಸಲ ಕೆರೆ ಕೋಡಿ ಬಿದ್ರೆ ಮಡಿಲಕ್ಕಿ ನೀನ್ ಹೊರ್ಬೇಕು."

"ನಾನು ನಿಮ್ಮೂರ ಮಗಳಲ್ವಲ್ಲಕ್ಕ?"

"ನಂಗೆ ಹೆಣ್ಮಕ್ಳಿಲ್ಲ. ನೀನೇ ನನ್ ಮಗಳು ಅಂತ ಹೇಳಿದೀನಿ. ಮಾಮ ಆಯ್ತು ಅಂದವ್ರೆ."

ಬಸ್ಸು ಹೊರಟಿತು. ಅವಳು ಇನ್ನೂ ಏನೋ ಹೇಳುತ್ತಲೇ ಇದ್ದಳು, ಬಹುಶಃ ಕಡಲೆಕಾಯಿಯ ಬಗ್ಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮರುಗಿ ಕೇಳಿದಳು: "ಪಾಪ, ಅವರಿಗೆ ಮಾತು ಬರಲ್ವಾ?"

"ಬರುತ್ತೆ," ಎಂದೆ. "ಸ್ವಲ್ಪ ಜಾಸ್ತಿನೇ ಬರುತ್ತೆ."

ಅದಾಗಿ ಕೆಲವೇ ತಿಂಗಳಲ್ಲಿ ಒಂದು ಬೆಳಗ್ಗೆ ಎದೆನೋವೆಂದು ಕೂತ ಪಿಳ್ಳಕ್ಕ ಮತ್ತೆ ಏಳಲಿಲ್ಲವಂತೆ. ಪರೀಕ್ಷೆಯ ಕೆಲಸದಲ್ಲಿದ್ದ ನನಗೆ ಸುದ್ದಿ ತಡವಾಗಿ ಸಿಕ್ಕಿತು. ಮುಖ ನೋಡಲಾಗಲಿಲ್ಲ ಎಂಬ ಸಂಕಟ ಹೋಗಿಲ್ಲ, ಹೋಗುವುದೂ ಇಲ್ಲ.

ಕಳೆದ ಮಳೆಗಾಲ ದೊಣೆಹಳ್ಳಿ ಕೆರೆ ಮತ್ತೆ ಕೋಡಿ ಬಿತ್ತು. ಮುನಿಶಾಮಪ್ಪನವರೇ ಫೋನ್ ಮಾಡಿಸಿ ಕರೆಸಿದರು. ಈಗ ಅವರಿಗೆ ನಡೆಯಲಾಗದು, ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಪಿಳ್ಳಕ್ಕನ ಮಗಳಾಗಿ ಮಡಿಲಕ್ಕಿ ಹೊತ್ತೆ. ಶಾಹೀನಾ, ನಾಗವೇಣಿ ಜೊತೆಗೆ ಬಂದರು. ದಾರಿಯುದ್ದಕ್ಕೂ ಯಾರೂ ತುಟಿ ಆಡಿಸಲಿಲ್ಲ. ಆ ಬಂಡೆಯ ಬಳಿ ಕಾಲಿಗೆ ಹಳ್ಳ ತಾನಾಗಿ ಸಿಕ್ಕಿತು.

ಮಡಿಲು ತುಂಬಿ ಹೊರಗೆ ಬಂದೆ. ಇನ್ನು ಮಾತಾಡಬಹುದಿತ್ತು. ಅವಳು ಕೂಗಿದ ಹಾಗೆ ನಾನೂ ಕೂಗಲಿ ಎಂದು ಇಬ್ಬರೂ ನನ್ನ ಮುಖ ನೋಡುತ್ತಾ ನಿಂತರು. ನಾನು ಸೆರಗಿನಲ್ಲಿ ಉಳಿದಿದ್ದ ನಾಲ್ಕು ಕಾಳು ಅಕ್ಕಿ ತೆಗೆದು ಮೇಲಕ್ಕೆ ಎಸೆದೆ. ಬೆನ್ನು ತಿರುಗಿಸಿದವರು ಮೊದಲು ಈ ಕಡೆ ನೋಡಬೇಕಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಸದ್ದಿಲ್ಲದೆ, ತುಟಿಯಲ್ಲೇ ನಿಧಾನವಾಗಿ ಹೇಳಿದೆ:

"ಪಿಳ್ಳಕ್ಕಾ, ಆಯ್ತು ಕಣಕ್ಕಾ."